ಕದಲದ ನಂಬರು

ನಮ್ಮೂರಿನಲ್ಲಿ ಮನೆಗಳು ರಾತ್ರಿ ಮಲಗಿದ ಜಾಗದಲ್ಲಿ ಬೆಳಿಗ್ಗೆ ಏಳುವುದಿಲ್ಲ. ಯಾಕೆ, ಹೇಗೆ ಎಂದು ನನ್ನನ್ನು ಕೇಳಬೇಡಿ. ನಾನು ಚಿಕ್ಕವನಿದ್ದಾಗ ನಮ್ಮಪ್ಪನನ್ನು ಕೇಳಿದ್ದೆ. ಅವರು, "ನಲ್ಲೀಲಿ ನೀರು ಬಂತಾ ನೋಡ್ಹೋಗು" ಎಂದಿದ್ದರು. ಬಾವಿ, ಮರ, ಅಂಗಡಿ, ಗುಡಿ, ಸ್ಕೂಲು, ಬಸ್‌ಸ್ಟ್ಯಾಂಡು ಎಲ್ಲ ಇದ್ದಲ್ಲೇ ಇರುತ್ತವೆ. ಮನೆಗಳು ಮಾತ್ರ ಕೋಳಿ ಕೂಗುವ ಹೊತ್ತಿಗೆ ತಮ್ಮತಮ್ಮಲ್ಲೇ ಜಾಗ ಬದಲಿಸಿಕೊಂಡು ಏನೂ ಆಗದವರ ಹಾಗೆ ಕೂತಿರುತ್ತವೆ. ನಲ್ಲಿ, ಕರೆಂಟು, ಹಿತ್ತಲಲ್ಲಿ ಒಣಗಲು ಹಾಕಿದ ಪಂಚೆ ಸಮೇತ. ಜನ ಒಗ್ಗಿಕೊಂಡಿದ್ದಾರೆ. ಹಾಲಿನವನು ಬೀದಿಯ ನಡುವೆ ನಿಂತು ಒಬ್ಬೊಬ್ಬರ ಹೆಸರು ಕೂಗುತ್ತಾನೆ. ಹೆಣ್ಣು ನೋಡಲು ಬರುವವರು ಹಿಂದಿನ ಸಂಜೆಯೇ ಬಂದು ಹುಡುಗಿಯ ಮನೆಯಲ್ಲೇ ಚಾಪೆ ಹಾಸಿಕೊಂಡು ಮಲಗುತ್ತಾರೆ. ಪಕ್ಕದ ಮನೆಯವರ ಮೇಲೆ ಸಿಟ್ಟು ಬಂದರೆ ಒಂದು ರಾತ್ರಿ ಹಲ್ಲು ಕಚ್ಚಿಕೊಂಡು ಇದ್ದರಾಯಿತು. ಬೆಳಿಗ್ಗೆಗೆ ಹೊಸ ನೆರೆ, ಹೊಸ ಜಗಳ.

ಒದ್ದಾಟವೆಲ್ಲ ಊರು ಬಿಟ್ಟು ಹೋಗಿ ಬರುವವರದು. ನನ್ನ ಹೆಂಡತಿ ದಾಕ್ಷಾಯಿಣಿ ದೂರದ ಪಟ್ಟಣದ ಆಸ್ಪತ್ರೆಯೊಂದರಲ್ಲಿ ನರ್ಸು. ಅಲ್ಲೇ ಹಾಸ್ಟೆಲ್ಲಿನಲ್ಲಿ ಇರುತ್ತಾಳೆ. ತಿಂಗಳಿಗೆ ಎರಡು ದಿನ ರಜೆ, ಅದೂ ಮೇಲಿನವರ ಮನಸ್ಸು ಬಂದಾಗ. ಮೊಬೈಲ್ ಸಿಗ್ನಲ್ ನಮ್ಮೂರಿನೊಳಗೆ ಕಾಲಿಡುವುದಿಲ್ಲ. ಮನೆಗೆ ಇಂಟರ್‌ನೆಟ್ಟಿನ ತಂತಿ ಮಾತ್ರ ಬಂದಿದೆ. ಹಾಗಾಗಿ ಅವಳು ಅಲ್ಲಿಂದ ಬಸ್ಸು ಹತ್ತುವ ಮೊದಲೇ ಆ ದಿನ ಮನೆ ಎಲ್ಲಿದೆ ಎಂದು ತಿಳಿದುಕೊಂಡು ಹೊರಡಬೇಕು. ಬಸ್ಸು ಹತ್ತಿದ ಮೇಲೆ ದೇವರೇ ಗತಿ.

"ರಜೆ ಯಾವಾಗ ಸಿಗುತ್ತೋ ನಂಗೇ ಗೊತ್ತಿರಲ್ಲ. ದಿನಾ ಬೆಳಿಗ್ಗೆ ಎದ್ದು ಮನೆ ಎಲ್ಲಿದೆ ಅಂತ ಎರಡು ಸಾಲು ಬರೆದು ಕಳಿಸ್ರೀ" ಎಂದಿದ್ದಳು. ಕೆಲವು ದಿನ ಕಳಿಸಿದೆ. ಆಮೇಲೆ ಒಂದು ದಿನ ಮರೆತೆ, ಮರುದಿನ ತಡವಾಗಿ ಎದ್ದೆ, ಅದರ ಮರುದಿನ ಮಿಕ್ಸಿಯ ಮೋಟಾರಿಗೆ ತಂತಿ ಸುತ್ತುತ್ತ ಕೂತೆ. ಹೇಳುವುದು ಮರೆತೆ, ನಾನು ಮಿಕ್ಸಿ ರಿಪೇರಿ ಮಾಡುವ ಚನ್ನಬಸಪ್ಪ. ಕೆಲಸ ಮನೆಯಲ್ಲೇ. ಇವತ್ತು ಮಿಕ್ಸಿ ಕೊಟ್ಟು ಹೋದವರಿಗೆ ನಾಳೆ ನನ್ನ ಮನೆ ಸಿಗುವುದಿಲ್ಲವಾದ್ದರಿಂದ ನಡುಮನೆಯ ತುಂಬ ವಾರಸುದಾರರಿಲ್ಲದ ಮಿಕ್ಸಿಗಳು. ಅವುಗಳ ನಡುವೆ ಕೂತವನಿಗೆ ಎರಡು ಸಾಲು ಬರೆಯುವುದು ಎಷ್ಟು ದೊಡ್ಡ ಕೆಲಸ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು ಎಂದು ಆಗ ಅಂದುಕೊಳ್ಳುತ್ತಿದ್ದೆ.

ಹೋದ ಸಲ ಬಂದಾಗ ಮಧ್ಯಾಹ್ನ ಬಸ್ಸಿಳಿದವಳಿಗೆ ಮನೆ ಸಿಕ್ಕಿದ್ದು ದೀಪ ಹಚ್ಚುವ ಹೊತ್ತಿಗೆ, ಇಟ್ಟಿಗೆ ಗೂಡಿನ ಹಿಂದೆ. ಉಂಗುಟ ಕಿತ್ತ ಚಪ್ಪಲಿ ಕೈಯಲ್ಲಿತ್ತು. ನೀರು ಕುಡಿದು, ಲೋಟ ಕುಕ್ಕಿ ಹೇಳಿದಳು:

"ಇರೋ ಎರಡು ದಿನದಲ್ಲಿ ಒಂದು ದಿನ, ನನ್ನ ಮನೆ ನೋಡಿದ್ರಾ, ನನ್ನ ಮನೆ ನೋಡಿದ್ರಾ ಅಂತ ಬೀದಿಬೀದಿ ಕೇಳ್ಕೊಂಡು ತಿರುಗಿದ್ದೀನಿ. ನಗ್ತಾರೆ ಜನ. ಇನ್ನೊಂದ್ಸಲ ಹಿಂಗಾದ್ರೆ ನಾನು ಈ ಊರಿಗೆ ಬರೋದೇ ಇಲ್ಲ. ಹಾಸ್ಟೆಲ್ಲಲ್ಲೇ ಬಿದ್ಕೊಂಡು ನಿದ್ದೆ ಮಾಡ್ತೀನಿ."

ದಾಕ್ಷಿ ಸುಮ್ಮನೆ ಮಾತಿಗೆ ಹೇಳುವವಳಲ್ಲ. ನನಗೆ ನಿಜಕ್ಕೂ ಭಯವಾಯಿತು. ಆದರೆ ನಾನು ನಾಲ್ಕು ಯಂತ್ರ ಬಿಚ್ಚಿ ಕೂಡಿಸುವ ಮನುಷ್ಯ. ದಿನಾ ಕೂತು ಬರೆಯುವ ಬದಲು ತಾನಾಗಿ ತೋರಿಸುವ ಯಂತ್ರ ಇಟ್ಟರಾಯಿತಲ್ಲ ಎನ್ನಿಸಿತು. ಇಂಟರ್‌ನೆಟ್ ಕಂಪನಿಯ ಲೈನ್‌ಮ್ಯಾನ್ ಮುನೀರನನ್ನು ಕರೆಸಿ ಬೀದಿ ಕಡೆಯ ಕಿಟಕಿಗೆ ಒಂದು ಕ್ಯಾಮೆರಾ ಹಾಕಿಸಿದೆ. ದಾಕ್ಷಿ ಅಲ್ಲಿಂದಲೇ ಮೊಬೈಲಿನಲ್ಲಿ ನಮ್ಮ ಮನೆಯ ಇಂಟರ್‌ನೆಟ್ ನಂಬರು ಒತ್ತಿದರೆ ಕಿಟಕಿಯ ಎದುರಿನದೆಲ್ಲ ಕಾಣುತ್ತದೆ. ಎದುರಿಗೆ ಗುಡಿ ಕಂಡರೆ ಗುಡಿ ಬೀದಿ, ಗಿರಣಿ ಕಂಡರೆ ಗಿರಣಿ ಬೀದಿ. ಯಾರೂ ಯಾರನ್ನೂ ಕೇಳಬೇಕಾಗಿಲ್ಲ.

ಮೊದಲ ದಿನ ಕಂಡಿತು. ಎರಡನೆಯ ದಿನ ಕಾಣಲಿಲ್ಲ.

"ನಂಬರ್ ಬದಲಾಗಿರುತ್ತೆ ಅಣ್ಣಾ" ಎಂದ ಮುನೀರ್. "ನಿಮ್ದು ಡೈನಾಮಿಕ್ ಕನೆಕ್ಷನ್. ದಿನಾ ಬೆಳಿಗ್ಗೆ ಕಂಪನಿ ಯಾವ ನಂಬರ್ ಖಾಲಿ ಇರುತ್ತೋ ಅದನ್ನ ನಿಮ್ಮ ರೌಟರ್ ಡಬ್ಬಿಗೆ ಕೊಡುತ್ತೆ. ನಿಮ್ಮೂರಲ್ಲಿ ಮನೆ ಜಾಗ ಬದಲಾದ ಹಾಗೆ ಅದೂ ಬದಲಾಗುತ್ತೆ."

"ಹಂಗಾದ್ರೆ ಅವಳು ಬೆಳಿಗ್ಗೆ ಹೊಸ ನಂಬರು ಒತ್ತಬೇಕು."

"ಹೌದು."

"ಹೊಸ ನಂಬರು ಅವಳಿಗೆ ಯಾರು ಹೇಳ್ತಾರೆ?"

"ನೀವೇ ದಿನಾ ಬೆಳಿಗ್ಗೆ ಎದ್ದು ಬರೆದು ಕಳಿಸ್ಬೇಕು."

ಅವನ ಮುಖವನ್ನೇ ನೋಡಿದೆ. ತಮಾಷೆಗೆ ಹೇಳಿದ ಹಾಗೆ ಕಾಣಲಿಲ್ಲ. ದಿನಾ ಬರೆಯುವುದನ್ನು ತಪ್ಪಿಸಿಕೊಳ್ಳಲೆಂದೇ ಅಲ್ಲವೇ ಇಷ್ಟೆಲ್ಲ ಮಾಡಿದ್ದು! ಬೇರೆ ದಾರಿ ಇಲ್ಲವೇ ಎಂದೆ. ಸ್ಟ್ಯಾಟಿಕ್ ಎಂಬುದೊಂದಿದೆ, ಅದರಲ್ಲಿ ನಂಬರು ಕದಲುವುದಿಲ್ಲ, ಆದರೆ ಕಂಪನಿಯನ್ನು ಕೇಳಬೇಕು ಎಂದ. ಕೇಳಿದೆ. ಇಂಟರ್‌ನೆಟ್ ತಂತಿಯ ಫೋನಿನಲ್ಲಿ ಒಂದು ಹುಡುಗಿ ಬಲು ಮಧುರವಾಗಿ ಮಾತಾಡಿದಳು.

"ಸ್ಟ್ಯಾಟಿಕ್ ನಂಬರ್‌ಗೆ ನಿಮ್ಮ ಖಾಯಂ ವಿಳಾಸದ ದಾಖಲೆ ಬೇಕು ಸರ್."

"ಅಮ್ಮಾ, ನನಗೆ ಖಾಯಂ ವಿಳಾಸ ಇಲ್ಲ ಅಂತಲೇ ತಾನೆ ನಾನು ಕೇಳ್ತಿರೋದು?"

"ಅರ್ಥ ಆಯ್ತು ಸರ್. ನಿಮಗಾದ ತೊಂದರೆಗೆ ವಿಷಾದಿಸ್ತೀವಿ. ಈಗ ನಿಮ್ಮ ಖಾಯಂ ವಿಳಾಸ ಹೇಳ್ತೀರಾ?"

ಅವಳಿಗೆ ನಾನು ಏನೇನು ಅಂದೆನೋ ನೆನಪಿಲ್ಲ. ಅವಳು ಎಲ್ಲದಕ್ಕೂ ವಿಷಾದಿಸಿದಳು. ಇದೇ ಮಾತುಕತೆ ಬೇರೆಬೇರೆ ಹುಡುಗಿಯರ ಜೊತೆ ಒಂದು ವಾರ ನಡೆಯಿತು. ಪ್ರತಿಸಲವೂ ಮೊದಲಿನಿಂದ ಶುರು. ಕೊನೆಗೆ ರೋಸಿಹೋಗಿ, ಇವರ ಹಂಗೇ ಬೇಡ ಎಂದು ನಾನೇ ರೌಟರ್ ಡಬ್ಬಿಯ ಸೆಟ್ಟಿಂಗ್ ತೆರೆದೆ. ಸ್ಕ್ರೂಡ್ರೈವರ್ ಬೇಕಾಗದ ರಿಪೇರಿಯನ್ನು ನಾನು ಯಾವತ್ತೂ ನಂಬಿದವನಲ್ಲ, ಆದರೆ ಇದು ಸುಲಭವಾಗಿಯೇ ಕಂಡಿತು. ಒಂದು ಕಡೆ ಡೈನಾಮಿಕ್, ಅದರ ಕೆಳಗೆ ಸ್ಟ್ಯಾಟಿಕ್. ಸ್ಟ್ಯಾಟಿಕ್ ಎಂಬುದರ ಮೇಲೆ ಒತ್ತಿದೆ. ನಂಬರು ಬರೆ ಎಂದಿತು. ಆ ದಿನ ಕಂಪನಿ ಕೊಟ್ಟಿದ್ದ ನಂಬರನ್ನೇ, ನಾಲ್ಕು ತುಂಡು, ನಡುವೆ ಮೂರು ಚುಕ್ಕಿ, ಬರೆದೆ. ಉಳಿದ ಖಾನೆಗಳಲ್ಲಿ ಮೊದಲೇ ಕಾಣಿಸುತ್ತಿದ್ದುದನ್ನು ನೋಡಿಕೊಂಡು ತುಂಬಿದೆ. ಸೇವ್ ಎಂದು ಒತ್ತಿ, ಕೈ ಕೊಡವಿ ಮಲಗಿದೆ.

ಬೆಳಿಗ್ಗೆ ನಂಬರು ಕದಲಿರಲಿಲ್ಲ. ಮನೆಯೂ ಕದಲಿರಲಿಲ್ಲ.

ಊರಿಗೆ ಊರೇ ನೋಡಲು ಬಂತು. ಎಲ್ಲ ಮನೆಗಳೂ ಅತ್ತಿತ್ತ ಆಗಿದ್ದವು, ನನ್ನದೊಂದು ನಿನ್ನೆಯ ಜಾಗದಲ್ಲೇ ಗಟ್ಟಿಯಾಗಿ ಕೂತಿತ್ತು. ಕೆಲವರು ಗೋಡೆ ಮುಟ್ಟಿ ನೋಡಿದರು. ಒಬ್ಬಾಕೆ, ಯಾವ ದೇವರಿಗೆ ಹರಕೆ ಹೊತ್ತಿದ್ರಿ ಎಂದು ಕೇಳಿದಳು. ಮುನೀರ್ ಬಂದು ತಲೆ ಕೆರೆದುಕೊಂಡು, "ಕಂಪನಿಗೆ ಹೇಳಿದ್ದೀರಾ ಅಣ್ಣಾ?" ಎಂದ. ಹೇಳಿದರೆ ವಿಷಾದಿಸುತ್ತಾರೆ ಎಂದೆ. ನಾನು ಎಷ್ಟು ಬೀಗಿದ್ದೆನೆಂದರೆ ಅವನ ಮುಖದ ಮೇಲಿದ್ದ ಅನುಮಾನ ನನಗೆ ಹೊಟ್ಟೆಕಿಚ್ಚಿನ ಹಾಗೆ ಕಂಡಿತು. ಎರಡನೇ ದಿನ, ಮೂರನೇ ದಿನ, ಮನೆ ಅಲ್ಲೇ. ಕಳೆದುಹೋಗಿದ್ದ ಗಿರಾಕಿಗಳು ಒಬ್ಬೊಬ್ಬರಾಗಿ ಬಂದು ಮಿಕ್ಸಿ ಒಯ್ದರು. ದಾಕ್ಷಿಗೆ ಆ ನಂಬರು ಕಳಿಸಿದ್ದೆ. "ಕಾಣ್ತಿದೆ. ಚೆನ್ನಾಗಿದೆ" ಎಂದು ಬರೆದಳು. ಆಮೇಲೊಂದು ದಿನ, "ಶನಿವಾರ ಬರ್ತೀನಿ. ಮನೆ ಅಲ್ಲೇ ಇರುತ್ತಲ್ಲ?" ಎಂದು ಬರೆದಳು. ಅಲ್ಲಾಡೋ ಮಾತೇ ಇಲ್ಲ ಎಂದು ಬರೆದೆ.

ಶನಿವಾರ ಬೆಳಿಗ್ಗೆ ಎದ್ದು ಬಚ್ಚಲಿನ ಬಾಗಿಲು ತೆಗೆದರೆ ಒಳಗೆ ಮಹಂತಯ್ಯ ಮೇಷ್ಟ್ರು ಮೈಗೆ ಸೋಪು ಹಚ್ಚಿಕೊಳ್ಳುತ್ತಿದ್ದರು.

"ರೀ ಚನ್ನಬಸಪ್ಪ, ಏನ್ರೀ ಇದು? ಕಂಡೋರ ಬಚ್ಚಲಿಗೆ ನುಗ್ತೀರಲ್ಲ!"

"ಮೇಷ್ಟ್ರೇ, ಇದು ನನ್ನ ಬಚ್ಚಲು!"

ಇಬ್ಬರದೂ ಆಗಿತ್ತು. ರಿಟೈರಾದ ಮೇಷ್ಟ್ರ ಮನೆ ಬೆಳಗಿನ ಜಾವ ನನ್ನ ಮನೆ ಇರುವ ಜಾಗಕ್ಕೇ ಬಂದು ಕೂತಿತ್ತು. ಒಂದೇ ಜಾಗದಲ್ಲಿ ಎರಡು ಮನೆ. ನನ್ನ ಅಡುಗೆಮನೆಗೆ ಹೋದರೆ ಅವರ ಹೆಂಡತಿ ಕೊಟ್ರಮ್ಮ ರೊಟ್ಟಿಗೆ ಹಿಟ್ಟು ಕಲಸುತ್ತಿದ್ದರು. ತಿರುಗಿ ನೋಡಿದರೆ ಅವರಿಲ್ಲ, ನನ್ನದೇ ತೊಳೆಯದ ಪಾತ್ರೆಗಳು. ಮತ್ತೆ ತಿರುಗಿದರೆ ಅವರಿದ್ದರು. ನಡುಮನೆಯ ಮಿಕ್ಸಿಗಳ ಮೇಲೆ ಅವರ ಹಪ್ಪಳ. ನನ್ನ ಮಂಚದ ಮೇಲೆ ಅವರ ರೇಡಿಯೋ, ಅದರಲ್ಲಿ ರೈತರಿಗೆ ಸಲಹೆ. ರೌಟರ್ ಡಬ್ಬಿಯಲ್ಲಿ ಕೆಂಪು ದೀಪ. ಇಂಟರ್‌ನೆಟ್ ಸತ್ತಿತ್ತು, ಕ್ಯಾಮೆರಾ ಸತ್ತಿತ್ತು. ದಾಕ್ಷಿ ಅಷ್ಟು ಹೊತ್ತಿಗೆ ಬಸ್ಸು ಹತ್ತಿರುತ್ತಾಳೆ.

ಬಸ್‌ಸ್ಟ್ಯಾಂಡಿನ ಹತ್ತಿರ ಅಂಗಡಿಯ ಮೇಲಿದ್ದ ಮುನೀರನ ರೂಮಿಗೆ ಓಡಿ ಅವನನ್ನು ಎಳೆದುಕೊಂಡು ಬಂದೆ. ಅವನು ನನ್ನ ಡಬ್ಬಿ ನೋಡಿದ, ಮೇಷ್ಟ್ರ ಡಬ್ಬಿ ನೋಡಿದ, ಗೋಣು ಆಡಿಸಿದ.

"ಇಬ್ಬರ ನಂಬರೂ ಒಂದೇ ಅಣ್ಣಾ. ನೀವು ಕಂಪನಿಗೆ ಹೇಳದೆ ನಿಮ್ಮಷ್ಟಕ್ಕೆ ನಂಬರ್ ಇಟ್ಕೊಂಡ್ರಿ. ಕಂಪನಿ ಲೆಕ್ಕದಲ್ಲಿ ಅದು ಖಾಲಿ. ಖಾಲಿ ಇದೆ ಅಂತ ಮೇಷ್ಟ್ರಿಗೆ ಕೊಡ್ತು. ಈಗ ಆ ನಂಬರಿಗೆ ಬರೋದು ಯಾರ ಮನೆಗೆ ಹೋಗ್ಬೇಕು ಅಂತ ಗೊತ್ತಾಗ್ದೆ ಇಬ್ಬರಿಗೂ ಇಲ್ಲ. ಒಬ್ಬರು ಬಿಟ್ಟುಕೊಡಿ, ಸರಿಹೋಗುತ್ತೆ."

"ನಾನ್ಯಾಕೆ ಬಿಡ್ಲಿ? ನಂಗೆ ನ್ಯಾಯವಾಗಿ ಕೊಟ್ಟ ಜಾಗ ಇದು" ಎಂದರು ಮೇಷ್ಟ್ರು. ಅವರು ದೂರದ ಗೆಳೆಯರೊಬ್ಬರ ಜೊತೆ ಇಂಟರ್‌ನೆಟ್ಟಿನಲ್ಲಿ ಚೆಸ್ ಆಡುತ್ತಿದ್ದರಂತೆ. "ಅವನ ಮಂತ್ರಿ ಇವತ್ತು ಸಾಯ್ಬೇಕಿತ್ತು. ಬೆಳಿಗ್ಗೆಯಿಂದ ಒಂದು ನಡೆ ನಡೆಸೋಕೆ ಆಗ್ತಿಲ್ಲ. ಸೋಲ್ತೀನಿ ಅಂತ ಗೊತ್ತಾಗಿ ಓಡಿಹೋದೆ ಅಂತ ಊರೆಲ್ಲ ಹೇಳ್ಕೊಂಡು ಬರ್ತಾನೆ ಅವನು."

"ಸಂಜೆ ತನಕ ತಡ್ಕೊಳ್ಳಿ ಮೇಷ್ಟ್ರೇ. ನನ್ನ ಹೆಂಡ್ತಿ ಬರ್ತಾಳೆ. ಈ ಜಾಗ ಬಿಟ್ಟರೆ ಅವಳಿಗೆ ಮನೆ ಸಿಗಲ್ಲ. ಸಿಗ್ಲಿಲ್ಲ ಅಂದ್ರೆ ಇನ್ನು ಬರೋದೇ ಇಲ್ಲ ಅಂದಿದ್ದಾಳೆ."

ಮೇಷ್ಟ್ರು ಮುಖ ಗಂಟಿಕ್ಕಿಕೊಂಡರು. ಕೊಟ್ರಮ್ಮ ಒಳಗಿನಿಂದ, "ಇರ್ಲಿ ಬಿಡ್ರಿ, ಪಾಪ. ನಿಮ್ಮ ಆನೆ ಕುದುರೆ ಎಲ್ಲೂ ಓಡೋಗಲ್ಲ" ಎಂದರು. ಅಲ್ಲಿಗೆ ಆ ಜಗಳ ಮುಗಿಯಿತು.

ಬೀದಿ ಬಾಗಿಲು ಒಂದೇ. ತೆಗೆದಾಗ ಒಮ್ಮೆ ನನ್ನ ಮನೆ, ಒಮ್ಮೆ ಅವರ ಮನೆ. ಅದಕ್ಕೇ ನಾನು ಹೊರಗೆ ಕಟ್ಟೆಯ ಮೇಲೆ ಕೂತೇ ಕಾಯುವುದೆಂದು ನಿರ್ಧಾರ ಮಾಡಿದೆ. ಬಿಸಿಲಿಗೆ ಬೆನ್ನು ಕೊಟ್ಟು ಬಾಗಿಲನ್ನೇ ನೋಡುತ್ತ ಕೂತೆ. ಬಸ್ಸು ಬರುವ ಹೊತ್ತಾಯಿತು. ದಾಕ್ಷಿಗೆಂದು ಒಲೆಯ ಮೇಲಿಟ್ಟಿದ್ದ ಹಾಲು ಸೀದ ವಾಸನೆ ಬಂತು. ಒಳಗೆ ಓಡಿದೆ. ಗ್ಯಾಸ್ ಆರಿಸಿ, ಪಾತ್ರೆ ಇಳಿಸಿ, ಬೆರಳು ಸುಟ್ಟುಕೊಂಡು ಊದಿಕೊಳ್ಳುತ್ತಿರುವಾಗ ಗೋಡೆಯ ಆಚೆ, ಅಂದರೆ ನನ್ನದೇ ನಡುಮನೆಯಲ್ಲಿ, ದಾಕ್ಷಿಯ ದನಿ ಕೇಳಿಸಿತು.

"ಇದು ಮಿಕ್ಸಿ ಚನ್ನಬಸಪ್ಪನವರ ಮನೆ ಅಲ್ವಾ?"

"ಇದು ಮೇಷ್ಟ್ರ ಮನೆ ಕಣವ್ವಾ. ಅವರ ಮನೆಯೂ ಇದೇ. ಅಂದ್ರೆ..." ಕೊಟ್ರಮ್ಮ ಪಾಪ ವಿವರಿಸಲು ಹೊರಟರು. ಅದನ್ನು ಯಾರು ತಾನೆ ವಿವರಿಸಬಲ್ಲರು?

"ದಾಕ್ಷೀ! ಇಲ್ಲೇ ಇದ್ದೀನಿ!" ಎಂದು ಕೂಗುತ್ತ ನಡುಮನೆಗೆ ನುಗ್ಗಿದೆ. ನನ್ನ ನಡುಮನೆ. ಮಿಕ್ಸಿಗಳು. ಬಾಗಿಲು ತೆಗೆದು ಹೊರಗೆ ಬಂದೆ. ಬೀದಿಯ ತಿರುವಿನಲ್ಲಿ ಅವಳ ಸೀರೆಯ ಸೆರಗು ಕಂಡ ಹಾಗಾಗಿ ಮರೆಯಾಯಿತು.

ಬಸ್‌ಸ್ಟ್ಯಾಂಡಿನಲ್ಲಿ ಅವಳು ಬಂದ ಬಸ್ಸೇ ವಾಪಸು ಹೊರಡಲು ನಿಂತಿತ್ತು. ಕಿಟಕಿಯ ಪಕ್ಕ ಕೂತಿದ್ದಳು, ಕರಿ ಬ್ಯಾಗು ತೊಡೆಯ ಮೇಲೆ. ನಾನು ಏದುಸಿರು ಬಿಡುತ್ತ ಕಿಟಕಿಯ ಸರಳು ಹಿಡಿದುಕೊಂಡೆ.

"ಇಳಿ ದಾಕ್ಷಿ. ಮನೆ ಅಲ್ಲೇ ಇದೆ. ನೀನು ಹೋದದ್ದು ಅದೇ ಮನೆ."

"ಕೊಟ್ರಮ್ಮ ರೊಟ್ಟಿ ತಟ್ತಿದ್ರಲ್ಲ, ಆ ಮನೇನಾ?"

"ಹೂಂ. ಅಲ್ಲ. ಎರಡೂ ನಂಬರು ಒಂದೇ ಆಗ್ಬಿಟ್ಟಿದೆ. ಕಂಪನಿಯವರು ಖಾಯಂ ವಿಳಾಸ ಕೇಳಿದ್ರು, ಅದಕ್ಕೆ ನಾನೇ ಸ್ಟ್ಯಾಟಿಕ್ ಅಂತ..."

"ಸಾಕು ಮಾಡ್ರೀ." ಅವಳು ಕಿರುಚಲಿಲ್ಲ. ಕಿರುಚಿದ್ದರೆ ಚೆನ್ನಾಗಿತ್ತು. "ನಾನು ಕೇಳಿದ್ದೇನು? ಎರಡು ಸಾಲು. ಮನೆ ಓಡಾಡ್ಲಿ, ಹಾಳಾಗಿ ಹೋಗ್ಲಿ. ಎಲ್ಲಿದ್ದೀರಿ ಅಂತ ಹೇಳಿ ಅಂದೆ. ನೀವು ಮನೇನೇ ಕಟ್ಟಿ ಹಾಕೋಕೆ ಹೋದ್ರಿ."

"ಇನ್ಮೇಲೆ ನೀನು ಹುಡುಕೋದೇ ಬೇಡ ಅಂತ ತಾನೆ..."

"ಸರಿ, ಒಂದು ಹೇಳಿ. ಇಷ್ಟು ದಿನದಿಂದ ಒಂದೇ ಕಡೆ ಇದ್ದೀರಲ್ಲ. ಮನೆ ಎದುರಿಗೆ ಏನಿದೆ?"

ನಾನು ಬಾಯಿ ತೆರೆದೆ. ಎದುರಿಗೆ. ಎದುರಿಗೆ ಏನಿತ್ತು? ಡಬ್ಬಿಯ ದೀಪ ಹಸಿರಿದೆಯೇ ಎಂದು ನೋಡಿದ್ದೆ, ಪರದೆಯ ಮೇಲಿನ ನಂಬರು ನೋಡಿದ್ದೆ, ನೋಡಲು ಬಂದವರ ಮುಖ ನೋಡಿದ್ದೆ. ಈಗ ತಾನೆ ಕಟ್ಟೆಯ ಮೇಲೆ ಅಷ್ಟು ಹೊತ್ತು ಕೂತಿದ್ದೆ, ಅದೂ ಬಾಗಿಲಿಗೆ ಮುಖ ಮಾಡಿ.

"ಬೀದಿ" ಎಂದೆ.



"ಬಾವಿ ಇದೆ" ಎಂದಳು. "ಬಾವಿಕಟ್ಟೆ ಮೇಲೆ ಒಬ್ಬ ಮುದುಕ ದಿನಾ ಕೊಡೆ ರಿಪೇರಿ ಮಾಡ್ತಾನೆ. ಅದರಲ್ಲಿ ಒಂದು ಹಳದಿ ಕೊಡೆ ಇದೆ. ಯಾರೂ ತಗೊಂಡು ಹೋಗಿಲ್ಲ. ಡ್ಯೂಟಿ ಮುಗಿದ ಮೇಲೆ ನಾನು ದಿನಾ ನೋಡ್ತಿದ್ದೆ. ಅಷ್ಟು ದೂರದಿಂದ. ನೀವು ಒಂದ್ಸಲನಾದ್ರೂ ಆ ಕಿಟಕಿ ಎದುರಿಗೆ ಬರ್ತೀರೇನೋ, ಕಾಣ್ತೀರೇನೋ ಅಂತ."

ಕಂಡಕ್ಟರು ವಿಷಲ್ ಊದಿದ. ನಾನು ಸರಳು ಬಿಡಲಿಲ್ಲ. ಬಸ್ಸು ಹೊರಟಿತು, ಅದರ ಜೊತೆ ನಾಲ್ಕು ಹೆಜ್ಜೆ ಓಡಿದೆ, ಆಮೇಲೆ ಬಿಡಬೇಕಾಯಿತು. ನಡುಬೀದಿಯಲ್ಲಿ ನಿಂತು ಅತ್ತೆ. ನಾಚಿಕೆಯಾಗಲಿಲ್ಲ.

ಮನೆಗೆ ಬರುವಾಗ ಬಾವಿಯ ಹತ್ತಿರ ನಿಂತೆ. ಮುದುಕ ಇದ್ದ. ಹಳದಿ ಕೊಡೆಯೂ ಇತ್ತು. ಒಳಗೆ ಹೋಗಿ ಡಬ್ಬಿಯನ್ನು ಮತ್ತೆ ಡೈನಾಮಿಕ್ ಮಾಡಿದೆ. ಬೇರೆ ನಂಬರು ಬಂತು, ದೀಪ ಹಸಿರಾಯಿತು, ಮೇಷ್ಟ್ರು ತಮ್ಮ ಮೂಲೆಯಿಂದ, "ಸತ್ತ ನೋಡ್ರೀ ಮಂತ್ರಿ!" ಎಂದು ಕೂಗಿದರು. ಆ ರಾತ್ರಿಯೊಂದು ಇಬ್ಬರೂ ಒಂದೇ ಜಾಗದಲ್ಲಿ ಕಳೆಯಬೇಕಿತ್ತು. ಕೊಟ್ರಮ್ಮ ಎರಡು ರೊಟ್ಟಿ ಕೊಟ್ಟರು. ಬೆಳಿಗ್ಗೆ ಅವರ ಮನೆ ಎಲ್ಲಿಗೋ, ನನ್ನದು ಎಲ್ಲಿಗೋ.

ಮುನೀರ್ ನನ್ನ ಮನೆ ಹುಡುಕಿಕೊಂಡು ಬಂದು ಬಲು ಹುರುಪಿನಿಂದ ಹೇಳಿದ: "ಅಣ್ಣಾ, ನಿಮಗೆ ಸ್ಟ್ಯಾಟಿಕ್ ಬೇಕಾಗೇ ಇಲ್ಲ. ನಂಬರ್ ದಿನಾ ಬದಲಾಗ್ಲಿ. ಕನೆಕ್ಷನ್‌ಗೆ ಒಂದು ಹೆಸರು ಇಟ್ರೆ ಆಯ್ತು. ಬೆಳಿಗ್ಗೆ ಹೊಸ ನಂಬರ್ ಬಂದ ತಕ್ಷಣ ಡಬ್ಬೀನೇ ಆ ಹೆಸರಿಗೆ ಹೇಳಿ ಕಳಿಸುತ್ತೆ. ಅಕ್ಕ ಹೆಸರು ಒತ್ತಿದ್ರೆ ಸಾಕು, ಕ್ಯಾಮೆರಾ ಬರುತ್ತೆ."

"ಇದನ್ನ ಮೊದಲೇ ಯಾಕೆ ಬೊಗಳಲಿಲ್ಲ?"

"ನೀವು ಕೇಳಿದ್ದು ನಂಬರ್ ಕದಲಬಾರದು ಅಂತ ಅಲ್ವಾ?"

ಅವನನ್ನು ಹೊಡೆಯದೆ ಬಿಟ್ಟದ್ದು ನನ್ನ ಜೀವನದ ದೊಡ್ಡ ತಾಳ್ಮೆ. ಡಬ್ಬಿ ಯಾವುದನ್ನೂ ಹೇಳಿ ಕಳಿಸುವುದು ಬೇಡ ಎಂದು ಕ್ಯಾಮೆರಾ ಬಿಚ್ಚಿಸಿದೆ. ಕಿಟಕಿಯ ಹತ್ತಿರ ಕ್ಯಾಮೆರಾ ಇದ್ದ ಜಾಗದಲ್ಲಿ ಸ್ಟೂಲು ಹಾಕಿಕೊಂಡೆ.

"ಎದುರಿಗೆ ಗಿರಣಿ" ಎಂದು ಬರೆದು ಕಳಿಸಿದೆ. ಎರಡು ನೀಲಿ ಗೆರೆ ಬಂದವು, ಓದಿದ್ದಾಳೆ. ಉತ್ತರವಿಲ್ಲ. ಮರುದಿನ, "ಎದುರಿಗೆ ಹುಣಸೆಮರ." ನೀಲಿ ಗೆರೆ. ಊರಿನಲ್ಲಿ ಹುಣಸೆಮರ ಎಷ್ಟಿವೆ ಎಂದು ಆಮೇಲೆ ಹೊಳೆದು ನನ್ನ ತಲೆ ನಾನೇ ಚಚ್ಚಿಕೊಂಡೆ. ಮತ್ತೆ ಬರೆದೆ: "ಹುಣಸೆಮರಕ್ಕೆ ಹರಿದ ಗಾಳಿಪಟ ಸಿಕ್ಕಿಹಾಕಿಕೊಂಡಿದೆ. ಕೆಳಗೆ ಕಟ್ಟಿದ ಎಮ್ಮೆಗೆ ಒಂದು ಕೊಂಬು ಮುರಿದಿದೆ." ಬೆಳಿಗ್ಗೆ ಏಳುವುದೆಂದರೆ ನನಗೆ ಈಗಲೂ ಹಿಂಸೆ. ಕೆಲವು ದಿನ ಎದುರಿಗೆ ಏನೂ ಇರುವುದಿಲ್ಲ, ಬರೀ ಖಾಲಿ ಸೈಟು. ಖಾಲಿ ಸೈಟಿನ ಬಗ್ಗೆ ಏನು ಬರೆಯುತ್ತೀರಿ? ಒಂದು ದಿನ ಸಿಟ್ಟಿನಿಂದ, "ಎದುರಿಗೆ ಎಕ್ಕದ ಗಿಡ, ಅದರ ಪಕ್ಕ ಎಕ್ಕದ ಗಿಡ, ಅದರ ಪಕ್ಕ ನಾಯಿ" ಎಂದು ಬರೆದೆ. ಅದಕ್ಕೂ ನೀಲಿ ಗೆರೆಯೇ ಬಂತು. ಗೋಡೆಗೆ ಮಾತಾಡಿದ ಹಾಗೆ. ಆದರೂ ಬರೆದೆ. ಬಿಟ್ಟರೆ, ಇನ್ನು ಬರೋದೇ ಇಲ್ಲ ಎಂದು ಅವಳು ಹೇಳಿದ್ದೇ ನಿಜವಾಗುತ್ತದಲ್ಲ.

ಆ ತಿಂಗಳು ಅವಳು ಬರಲಿಲ್ಲ. ಮುಂದಿನ ತಿಂಗಳೂ ಬರಲಿಲ್ಲ. ನಾನು ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ, ಬರುತ್ತೀಯಾ ಎಂದೂ ಕೇಳಲಿಲ್ಲ. ಎದುರಿಗೆ ಏನಿದೆ ಎಂದಷ್ಟೇ ಬರೆದೆ.

ಮೊನ್ನೆ ಬೆಳಿಗ್ಗೆ ಮನೆ ಸ್ಕೂಲಿನ ಬೀದಿಯಲ್ಲಿತ್ತು. ಸ್ಟೂಲಿನ ಮೇಲೆ ಕೂತು ಬರೆದೆ: "ಎದುರಿಗೆ ಸ್ಕೂಲಿನ ಹಿಂದಿನ ಗೋಡೆ. ಗೋಡೆಯ ಮೇಲೆ ಮಕ್ಕಳು ಇದ್ದಿಲಿನಲ್ಲಿ ಆನೆ ಬರೆದಿದ್ದಾರೆ. ಸೊಂಡಿಲು ಉದ್ದವಾಯಿತು. ಬಾಲ ಬರೆಯುವುದು ಮರೆತಿದ್ದಾರೆ." ನೀಲಿ ಗೆರೆ ಬಂತು. ನಾನು ಮಿಕ್ಸಿಯ ಮುಂದೆ ಹೋಗಿ ಕೂತೆ. ಬ್ಲೇಡಿನ ತಳ ಹಿಡಿದುಕೊಂಡಿತ್ತು, ಎಣ್ಣೆ ಬಿಟ್ಟರೂ ತಿರುಗಲೊಲ್ಲದು. ಮಧ್ಯಾಹ್ನದವರೆಗೆ ಅದರ ಜೊತೆಗೇ ಗುದ್ದಾಡಿದೆ.

ಹೊರಗೆ ಯಾರೋ ನಿಂತ ಹಾಗಾಯಿತು. ಬಾಗಿಲು ತಟ್ಟಲಿಲ್ಲ.

"ಆನೆಗೆ ಬಾಲ ಇದೆಯಲ್ರೀ" ಎಂದಿತು ದನಿ, ಬೇಸರದಿಂದ. "ಬಾಲ ಇಲ್ಲದ ಆನೆ ಅಂತ ಗೋಡೆಯೆಲ್ಲ ಹುಡುಕ್ಕೊಂಡು ಬಂದೆ. ಒಂದು ಕೆಲಸ ನೆಟ್ಟಗೆ ಮಾಡಲ್ಲ ನೀವು."

ನಾನು ಕಿಟಕಿಗೆ ಓಡಿದೆ. ಸರಳಿಗೆ ಮುಖವಿಟ್ಟು ನೋಡಿದೆ. "ಎಲ್ಲಿದೆ ಬಾಲ? ಇಲ್ವಲ್ಲ!"

"ಗಿಡದ ಮರೇಲಿದೆ. ಅಲ್ಲಿಂದ ಕಾಣಲ್ಲ. ಹೊರಗೆ ಬಂದು ನೋಡಿ."

ಹೊರಗೆ ಬಂದು ನೋಡಿದೆ. ಇತ್ತು.